ಹತಾರಗಳ ತುಕ್ಕು: ತೆಗೆಯುವುದು ಹೇಗೆ, ಮರಳಿ ಬಾರದಂತೆ ಇಡುವುದು ಹೇಗೆ

ಮಳೆ ಹಿಡಿದು ಹದಿನೈದು ದಿನವಾಗುತ್ತಿದ್ದಂತೆ ಎರಡು ಪ್ರಶ್ನೆಗಳು ಬರಲು ಶುರುವಾಗುತ್ತವೆ. ಒಂದು: "ಎಣ್ಣೆ ಸವರಿಯೇ ಇಟ್ಟಿದ್ದೆ, ಆದರೂ ಉಳಿಗೆ ತುಕ್ಕು ಹಿಡಿದಿದೆ, ಯಾಕೆ?" ಇನ್ನೊಂದು: "ವಿನೆಗರಿನಲ್ಲಿ ನೆನೆಸಿ ತೆಗೆದೆ, ಫಳಫಳ ಹೊಳೆಯಿತು. ಊಟ ಮುಗಿಸಿ ಬಂದು ನೋಡಿದರೆ ಮತ್ತೆ ಕೇಸರಿ ಬಣ್ಣ. ಯಾಕೆ?" ತುಕ್ಕು ತೆಗೆಯುವುದು ಕಷ್ಟದ ಕೆಲಸವಲ್ಲ. ತೆಗೆದ ಮೇಲಿನ ಹತ್ತು ನಿಮಿಷ ಏನು ಮಾಡುತ್ತೀರಿ, ಆಮೇಲೆ ಹತಾರವನ್ನು ಎಲ್ಲಿ ಇಡುತ್ತೀರಿ ಎನ್ನುವಲ್ಲಿಯೇ ಬಹುತೇಕರು ಎಡವುವುದು. ಅದಕ್ಕೇ ಈ ಲೇಖನದ ಅರ್ಧದಷ್ಟು ಭಾಗ ತೆಗೆದ ನಂತರದ ಕೆಲಸದ ಬಗ್ಗೆಯೇ ಇದೆ.

ಇಲ್ಲಿ ಹೇಳುತ್ತಿರುವುದು ಮೇಲ್ಮೈ ತುಕ್ಕಿನ ವಿಚಾರ. ಉಳಿ, ಕೀಸುಳಿ (ಕೆಲವೆಡೆ ತೋಪಡ ಎನ್ನುತ್ತಾರೆ), ಗರಗಸ, ಪಾನಾ, ಇಕ್ಕಳ, ವೈಸ್ (ಕೆಲಸದ ತುಂಡನ್ನು ಬಿಗಿದು ಹಿಡಿಯುವ ಸಾಧನ), ಡ್ರಿಲ್ ಬಿಟ್ಟು, ತೋಟದ ಕತ್ತಿ ಮತ್ತು ಗುದ್ದಲಿಗಳಿಗೆ ಇದು ಅನ್ವಯಿಸುತ್ತದೆ. ಪದರು ಪದರಾಗಿ ಉದುರುತ್ತ ಕಬ್ಬಿಣವೇ ಸವೆದುಹೋಗಿರುವ ಹತಾರಕ್ಕೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ.

ತುಕ್ಕು ಯಾಕೆ ಬಂತು?

ಕಬ್ಬಿಣ, ಆಮ್ಲಜನಕ, ನೀರು ಮೂರೂ ಸೇರಿದರೆ ತುಕ್ಕು. ಹತಾರ ಮಳೆಗೆ ನೆನೆಯಲೇಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಿನ ಎಷ್ಟು ಪಾಲು ಈಗಾಗಲೇ ಅದರಲ್ಲಿದೆ ಎಂಬ ಅಳತೆ, ಶೇ. 60 ದಾಟಿದರೆ ತುಕ್ಕಿನ ವೇಗ ಏರುತ್ತದೆ. ಜುಲೈ ತಿಂಗಳ ಕರಾವಳಿಯಲ್ಲಿ ಅದು ಶೇ. 90ರ ಆಸುಪಾಸಿನಲ್ಲೇ ಇರುತ್ತದೆ.

ಇದಕ್ಕಿಂತ ದೊಡ್ಡ ಶತ್ರು ಇಬ್ಬನಿ. ಗಾಳಿ 30 ಡಿಗ್ರಿ, ತೇವಾಂಶ ಶೇ. 85 ಇದ್ದರೆ ಸುಮಾರು 27 ಡಿಗ್ರಿಯ ಲೋಹದ ಮೇಲೆ ನೀರು ಕಟ್ಟುತ್ತದೆ. ಕೇವಲ ಮೂರು ಡಿಗ್ರಿ ವ್ಯತ್ಯಾಸ ಸಾಕು. ರಾತ್ರಿಯೆಲ್ಲ ತಣ್ಣಗಾದ ವೈಸ್ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬೆವರುವುದು ಇದೇ ಕಾರಣಕ್ಕೆ. ಭಾರದ ಕಬ್ಬಿಣ ನಿಧಾನವಾಗಿ ಬಿಸಿಯಾಗುವುದರಿಂದ ಸಣ್ಣ ಉಳಿಗಿಂತ ವೈಸ್, ಲೇತ್ ಯಂತ್ರದ ತಳಭಾಗ, ಕಮ್ಮಾರನ ಅಡಿಗಲ್ಲುಗಳಲ್ಲಿ ಈ ತೊಂದರೆ ಜಾಸ್ತಿ.

ಮೂರನೆಯದು ಉಪ್ಪು. ಸಮುದ್ರದ ಗಾಳಿಯಲ್ಲಿ ಉಪ್ಪಿದೆ, ನಿಮ್ಮ ಬೆವರಿನಲ್ಲೂ ಇದೆ. ಹೊಳೆಯುವ ಅಲಗಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿದ್ದರೆ ಅದಕ್ಕೆ ಮಳೆ ಕಾರಣವಲ್ಲ, ನಿಮ್ಮ ಕೈ ಕಾರಣ.

ಮೊದಲು ಯಾವ ತುಕ್ಕು ಎಂದು ನೋಡಿ

ಉಗುರಿನಿಂದ ಕೆರೆದು ನೋಡಿ. ಕೇಸರಿ ಪುಡಿ ಕೈಗೆ ಹತ್ತಿ ಕೆಳಗೆ ನಯವಾದ ಲೋಹ ಸಿಕ್ಕರೆ ಅದು ಹೊಸ ತುಕ್ಕು. ಎಣ್ಣೆ ಹಾಕಿ ಉಜ್ಜಿದರೆ ಹತ್ತು ನಿಮಿಷದ ಕೆಲಸ. ಕಂದು ಬಣ್ಣದ ಗಟ್ಟಿ ಪದರ ಉಗುರಿಗೆ ಜಗ್ಗದಿದ್ದರೆ ಕೆರೆಯಬೇಕು ಅಥವಾ ಹುಳಿನೀರಿನಲ್ಲಿ, ಅಂದರೆ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ, ನೆನೆಸಬೇಕು. ಪದರ ತೆಗೆದ ಮೇಲೆ ಸಣ್ಣ ಸಣ್ಣ ಗುಳಿ ಕಂಡರೆ ಅಷ್ಟು ಕಬ್ಬಿಣ ಹೋಗಿಯೇ ಬಿಟ್ಟಿದೆ ಎಂದರ್ಥ. ಗುಳಿ ಮಾಯವಾಗುವ ತನಕ ಉಜ್ಜುತ್ತ ಕೂರಬೇಡಿ. ಪಾನಾದ ಹಿಡಿಯ ಮೇಲೆ ಗುಳಿಯಿದ್ದರೆ ನಷ್ಟವೇನಿಲ್ಲ. ಉಳಿಯ ಬಾಯಿಯ ಹತ್ತಿರ ಇದ್ದರೆ ಮಾತ್ರ ಅಲ್ಲಿಯವರೆಗೆ ಸಾಣೆ ಹಿಡಿಯಬೇಕಾಗುತ್ತದೆ.

ಇನ್ನೊಂದು: ಕಪ್ಪೆಲ್ಲ ತುಕ್ಕಲ್ಲ. ಹಸಿ ಅಡಿಕೆ ಕೊಯ್ದ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುತ್ತವಲ್ಲ, ಅದು ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆದ ಪದರ. ಕೆಂಪು ತುಕ್ಕಿನಂತೆ ಅದು ಕಬ್ಬಿಣವನ್ನು ತಿನ್ನುತ್ತ ಹೋಗುವುದಿಲ್ಲ. ಉಜ್ಜಿ ಬೆಳ್ಳಗೆ ಮಾಡುವ ಅಗತ್ಯವೂ ಇಲ್ಲ. ಅಂಗಡಿಯಲ್ಲಿ ಸಿಗುವ ಕೆಲವು 'ರಸ್ಟ್ ಕನ್ವರ್ಟರ್'ಗಳು ಮಾಡುವುದೂ ಇದನ್ನೇ. ಡ್ರಿಲ್ ಬಿಟ್ಟುಗಳ ಕಪ್ಪು ಲೇಪವೂ ಹಾಗೆಯೇ, ಅದು ಕಾರ್ಖಾನೆಯಲ್ಲಿ ಬೇಕೆಂದೇ ಕೊಟ್ಟದ್ದು. ಅದನ್ನು ಹುಳಿಯಲ್ಲಿ ಮುಳುಗಿಸಿದರೆ ಲೇಪ ಕರಗಿ ಬಿಟ್ಟು ಬೋಳಾಗುತ್ತದೆ.

ಬೇಕಾಗುವ ಸಾಮಾನು

ಕೆರೆಯಲು: ದಪ್ಪ ಬ್ಲೇಡ್ ಅಥವಾ ಪುಟ್ಟಿ ಅಲಗು, ಹಿತ್ತಾಳೆ ತಂತಿಯ ಬ್ರಷ್, ಹಳೆಯ ಹಲ್ಲುಜ್ಜುವ ಬ್ರಷ್.

ಉಜ್ಜಲು: ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ 220, 400, 600 ನಂಬರಿನವು ತಲಾ ಎರಡು ಹಾಳೆ. ನಂಬರ್ ಹೆಚ್ಚಾದಷ್ಟೂ ಕಾಗದ ನಯ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಪ್ಯಾಡೂ ಬಹಳ ಉಪಯೋಗಕ್ಕೆ ಬರುತ್ತದೆ. ಅಡುಗೆಮನೆಯ ಸುರುಳಿ ಸ್ಟೀಲ್ ಜುಂಗು ಬೇಡ, ಗೀರು ಬೀಳುತ್ತದೆ.

ನೆನೆಸಲು: ನಿಂಬೆ ಉಪ್ಪು, ಅಂದರೆ ದಿನಸಿ ಅಂಗಡಿಯ ಸಿಟ್ರಿಕ್ ಆಸಿಡ್, 250 ಗ್ರಾಂ, ಅಡಿಗೆ ಸೋಡಾ 100 ಗ್ರಾಂ, ಪ್ಲಾಸ್ಟಿಕ್ ತೊಟ್ಟಿ ಅಥವಾ ಬಕೆಟ್. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.

ಲೇಪಿಸಲು: ಹೊಲಿಗೆ ಯಂತ್ರದ ಎಣ್ಣೆ 100 ಮಿಲಿಲೀಟರ್, ಒಂದು ಮೇಣದ ಬತ್ತಿ, ಹಳೆಯ ಹತ್ತಿ ಬಟ್ಟೆ.

ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ಒಣ ತುಕ್ಕನ್ನು ಕೆರೆಯುವಾಗ ಮೂಗಿಗೆ ಮಾಸ್ಕ್.

ಏಳು ಹಂತ

1. ಬಿಚ್ಚಿ, ಜಿಡ್ಡು ತೆಗೆಯಿರಿ

ಕೀಸುಳಿಯ ಅಲಗನ್ನು ಹೊರಗೆ ತೆಗೆಯಿರಿ. ಮರದ ಕಾವು ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಇಲ್ಲವಾದರೆ ಅದಕ್ಕೆ ನೀರು ತಾಗದಂತೆ ಕೆಲಸ ಮಾಡಬೇಕಾಗುತ್ತದೆ ಎಂಬುದನ್ನು ಈಗಲೇ ನೆನಪಿಡಿ. ಕಾವು ನೀರು ಕುಡಿದು ಉಬ್ಬಿ, ಒಣಗಿದಾಗ ಸಡಿಲವಾಗುತ್ತದೆ. ಹಳೆಯ ಗ್ರೀಸು, ಎಣ್ಣೆಜಿಡ್ಡು ಇದ್ದರೆ ಟರ್ಪೆಂಟೈನ್ ಅಥವಾ ಡೀಸೆಲ್ ಹಾಕಿ ಒರೆಸಿ, ಆಮೇಲೆ ಪಾತ್ರೆ ಸೋಪಿನ ನೀರಿನಲ್ಲಿ ತೊಳೆಯಿರಿ. ಜಿಡ್ಡಿನ ಮೇಲೆ ಹುಳಿನೀರು ಕೆಲಸ ಮಾಡುವುದಿಲ್ಲ. ನೆನೆಸಿದ ಹತಾರ ಹುಲಿಪಟ್ಟೆಯಂತೆ ಅಲ್ಲಲ್ಲಿ ಬೆಳ್ಳಗಾಗಿ ಅಲ್ಲಲ್ಲಿ ಕಂದಾಗಿಯೇ ಉಳಿಯಲು ಇದೇ ಕಾರಣ.

2. ಒಣದಾಗಿಯೇ ಕೆರೆಯಿರಿ

ಕೀಸುಳಿಯ ತಳ, ಗರಗಸದ ಮೈಯಂಥ ಸಮತಟ್ಟಾದ ಜಾಗದಲ್ಲಿ ಬ್ಲೇಡನ್ನು ಚಪ್ಪಟೆಯಾಗಿ, ಮೇಲ್ಮೈಗೆ ಸುಮಾರು 20 ಡಿಗ್ರಿ ಓರೆಯಾಗಿ ಹಿಡಿದು ತಳ್ಳಿ. ಗಟ್ಟಿ ತುಕ್ಕಿನ ಮುಕ್ಕಾಲು ಪಾಲು ಇಲ್ಲಿಯೇ ಪುಡಿಯಾಗಿ ಉದುರುತ್ತದೆ. ಈ ಹಂತವನ್ನು ಬಿಟ್ಟು ನೇರವಾಗಿ ಕಾಗದ ಹಿಡಿದವರು ಮೂರು ಹಾಳೆ ಹಾಳುಮಾಡಿ ಬೈದುಕೊಳ್ಳುತ್ತಾರೆ. ಬ್ಲೇಡಿನ ಮೂಲೆ ಲೋಹಕ್ಕೆ ಕಚ್ಚಿದರೆ ಗೀರು ಬೀಳುತ್ತದೆ, ಆದ್ದರಿಂದ ಎರಡೂ ಮೂಲೆಗಳನ್ನು ಮೊದಲೇ ಸಾಣೆಕಲ್ಲಿನ ಮೇಲೆ ಸ್ವಲ್ಪ ಮೊಂಡು ಮಾಡಿಕೊಳ್ಳಿ.

ಗ್ರೈಂಡರಿಗೆ ತಂತಿಚಕ್ರ ಹಾಕಿ ಕ್ಷಣದಲ್ಲಿ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾರೆ, ವೈಸಿನ ಮೈಗೆ ಪರವಾಗಿಲ್ಲ. ಬಾಯಿರುವ ಹತಾರಕ್ಕೆ ಬೇಡ. ಇಂಗಾಲದ ಉಕ್ಕಿನ ಉಳಿ 200 ಡಿಗ್ರಿ ದಾಟಿ ಬಿಸಿಯಾದರೆ ಅದರ ಹದ ಇಳಿಯತೊಡಗುತ್ತದೆ. ತೆಳುವಾದ ತುದಿಯಲ್ಲಿ ಅದಕ್ಕೆ ಕೆಲವೇ ಸೆಕೆಂಡು ಸಾಕು. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಹದ ಹೋಯಿತು, ಆ ಭಾಗವನ್ನು ಸವೆಸಿ ತೆಗೆಯದೆ ಉಳಿ ನಿಲ್ಲುವುದಿಲ್ಲ. ಚಕ್ರದಿಂದ ಕಿತ್ತು ಹಾರುವ ತಂತಿಯ ತುಂಡುಗಳು ಬಟ್ಟೆಯನ್ನೂ ತೂರುತ್ತವೆ. ಕನ್ನಡಕವಿಲ್ಲದೆ ಸ್ವಿಚ್ ಮುಟ್ಟಬೇಡಿ.

3. ಎಣ್ಣೆ ಹಾಕಿ ಉಜ್ಜಿ

ನಾಲ್ಕೈದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಮೊದಲು ಹಸಿರು ಪ್ಯಾಡಿನಿಂದ ಉಜ್ಜಿ ನೋಡಿ. ಸಾಲದಿದ್ದರೆ 400, ಅದೂ ಸಾಲದಿದ್ದರೆ 220. ಅಂದರೆ ನಯದಿಂದ ಶುರುಮಾಡಿ ಬೇಕಾದಷ್ಟೇ ಒರಟಿಗೆ ಇಳಿಯುವುದು. 80 ನಂಬರಿನಿಂದ ಶುರುಮಾಡಿದರೆ ತುಕ್ಕು ಒಂದು ನಿಮಿಷದಲ್ಲಿ ಹೋಗುತ್ತದೆ, ಅದರ ಗೀರುಗಳನ್ನು ತೆಗೆಯಲು ಒಂದು ಗಂಟೆ ಹಿಡಿಯುತ್ತದೆ. ಆ ಗೀರುಗಳಲ್ಲೇ ತೇವ ನಿಂತು ತುಕ್ಕು ಮತ್ತೆ ಬೇಗ ಬರುತ್ತದೆ. ಕೊನೆಗೆ 600ರಲ್ಲಿ ಒಂದು ಸುತ್ತು ಮುಗಿಸಿ.

ಹತಾರದ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ಉಜ್ಜಿ, ಗುಂಡಗೆ ತಿರುಗಿಸಬೇಡಿ. ಉಳಿಯ ಬೆನ್ನು, ಕೀಸುಳಿಯ ತಳ ಇವೆರಡೂ ಸಮತಟ್ಟಾಗಿರಲೇಬೇಕು. ಅವಕ್ಕೆ ಕಾಗದವನ್ನು ಬೆರಳಲ್ಲಿ ಹಿಡಿಯಬೇಡಿ. ದಪ್ಪ ಗಾಜು ಅಥವಾ ಗ್ರಾನೈಟ್ ತುಂಡಿನ ಮೇಲೆ ಕಾಗದ ಹರಡಿ, ಹತಾರವನ್ನೇ ಅದರ ಮೇಲೆ ಎಳೆಯಿರಿ. ಬೆರಳೊತ್ತಡದಲ್ಲಿ ಉಜ್ಜಿದರೆ ಅಂಚು ದುಂಡಾಗುತ್ತದೆ. ದುಂಡಾದ ಬೆನ್ನಿನ ಉಳಿ ಎಷ್ಟು ಸಾಣೆ ಹಿಡಿದರೂ ಹರಿತವಾಗುವುದಿಲ್ಲ.

ಹೊಸ ತುಕ್ಕಾದರೆ ಇಲ್ಲಿಗೇ ಮುಗಿಯಿತು. ನೇರವಾಗಿ ಹಂತ 6ಕ್ಕೆ ಹೋಗಿ.

4. ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ

ಗಟ್ಟಿ ತುಕ್ಕಿಗೆ, ಬ್ರಷ್ ಹೋಗದ ಸಂದುಗೊಂದುಗಳಿಗೆ ಇದು. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ನಿಂಬೆ ಉಪ್ಪು, ಅಂದರೆ ಸುಮಾರು ಮೂರೂವರೆ ದೊಡ್ಡ ಚಮಚ. ಎರಡು ಹನಿ ಪಾತ್ರೆ ಸೋಪು. ಹತಾರ ಪೂರ್ತಿ ಮುಳುಗಬೇಕು. ಅರ್ಧ ಮುಳುಗಿಸಿಟ್ಟರೆ ನೀರಿನ ಮಟ್ಟದಲ್ಲಿ ಒಂದು ಗೆರೆ ಕೊರೆದು ಕೂರುತ್ತದೆ, ಅದು ಹೋಗುವುದಿಲ್ಲ.

ಅರ್ಧ ಗಂಟೆಗೊಮ್ಮೆ ತೆಗೆದು ಬ್ರಷ್ ಹಾಕಿ ನೋಡಿ. ಸಾಧಾರಣ ತುಕ್ಕು ಒಂದೆರಡು ಗಂಟೆಯಲ್ಲಿ ಬಿಡುತ್ತದೆ. ಹಠಮಾರಿ ತುಕ್ಕಿಗೆ ಆರೇಳು ಗಂಟೆ. ಹಾಕಿಟ್ಟು ಮರೆತು ಎರಡು ದಿನ ಬಿಟ್ಟರೆ ಹುಳಿ ತುಕ್ಕನ್ನು ಮುಗಿಸಿ ಕಬ್ಬಿಣಕ್ಕೇ ಬಾಯಿಡುತ್ತದೆ: ಮೈ ಬೂದುಬೂದಾಗಿ, ಒರಟಾಗಿ, ಹಲ್ಲುಗಳು ಸವೆದಿರುತ್ತವೆ. ಮೇಲೆ ಕೂರುವ ತೆಳು ಕಪ್ಪು ಮಸಿಗೆ ಹೆದರಬೇಡಿ, ಅದು ಉಕ್ಕಿನೊಳಗಿದ್ದ ಇಂಗಾಲ. ಬ್ರಷ್ ಹಾಕಿದರೆ ಹೋಗುತ್ತದೆ.

ಬಿಳಿ ವಿನೆಗರ್ ಸಹ ನಡೆಯುತ್ತದೆ, ನಿಧಾನ, ವಾಸನೆ ಹೆಚ್ಚು. ಹುಣಸೆಹುಳಿ ಹಿತ್ತಾಳೆಯ ಕಿಲುಬಿಗೆ ಸರಿ. ಗಟ್ಟಿ ತುಕ್ಕಿಗೆ ಅದರ ಬಲ ಸಾಲದು. ಕೋಲಾ ಪಾನೀಯದಲ್ಲಿ ಫಾಸ್ಫಾರಿಕ್ ಆಸಿಡ್ ಇದೆ ನಿಜ, ಆದರೆ ಇರುವುದು ಅಲ್ಪ. ತುಕ್ಕಿಗಿಂತ ಹೆಚ್ಚಾಗಿ ಸಕ್ಕರೆಯ ಅಂಟು ಸಿಗುತ್ತದೆ.

ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ. ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕು ಕಣ್ಣೆದುರೇ ಕರಗುತ್ತದೆ, ಹೌದು. ಆದರೆ ಅದರ ಕ್ಲೋರೈಡ್ ಗುಳಿಗಳೊಳಗೆ ಉಳಿದುಕೊಂಡು, ಉಪ್ಪು ಮಾಡುವ ಕೆಲಸವನ್ನೇ ಮಾಡುತ್ತದೆ; ಎಷ್ಟು ತೊಳೆದರೂ ವಾರದಲ್ಲಿ ತುಕ್ಕು ವಾಪಸ್. ಯಾವುದೇ ಆಸಿಡ್ಡಿನ ಜೊತೆ ಬ್ಲೀಚಿಂಗ್ ಪುಡಿ ಅಥವಾ ದ್ರವ ಸೇರಿಸಿದರೆ ವಿಷದ ಕ್ಲೋರಿನ್ ಅನಿಲ ಹೊರಡುತ್ತದೆ. ಇದನ್ನು ಪ್ರಯೋಗಕ್ಕೂ ಮಾಡಬೇಡಿ.

ಹುಳಿನೀರಿಗೆ ಹಾಕಬಾರದ್ದು: ಸತುವಿನ ಲೇಪದ ಅಂದರೆ ಜಿಐ ಸಾಮಾನು, ಅಲ್ಯೂಮಿನಿಯಂ, ಸ್ಪ್ರಿಂಗ್‌ಗಳು. ಆಸಿಡ್ಡಿನಲ್ಲಿ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿಕೊಂಡು ಅದನ್ನು ಪೆಡಸು ಮಾಡುತ್ತದೆ, ಸ್ಪ್ರಿಂಗ್ ಕಾರಣವಿಲ್ಲದೆ ಮುರಿಯುವುದು ಹೀಗೆ. ಹಿತ್ತಾಳೆ ತಿರುಪುಗಳನ್ನು ಕಬ್ಬಿಣದ ಜೊತೆ ಒಂದೇ ತೊಟ್ಟಿಗೆ ಹಾಕಿದರೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂರಬಹುದು, ಬೇರೆ ಇಡಿ.

5. ಹುಳಿಯನ್ನು ಕೊಲ್ಲಿ

ಇಲ್ಲಿಂದ ಕೈ ಚುರುಕಾಗಿರಲಿ. ಹತಾರವನ್ನು ತೊಟ್ಟಿಯಿಂದ ತೆಗೆಯುವ ಮೊದಲೇ ಪಕ್ಕದಲ್ಲಿ ಎಲ್ಲ ಸಿದ್ಧವಿರಬೇಕು: ಅಡಿಗೆ ಸೋಡಾ ನೀರು (ಲೀಟರಿಗೆ ಒಂದು ದೊಡ್ಡ ಚಮಚ), ಒಣ ಬಟ್ಟೆ ನಾಲ್ಕು, ಎಣ್ಣೆ. ತೆಗೆದ ಕೂಡಲೇ ಧಾರೆ ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಸೋಡಾ ನೀರಿನಲ್ಲಿ ಐದು ನಿಮಿಷ ಅದ್ದಿ. ಸಂದುಗಳಿಂದ ಗುಳ್ಳೆ ಬರುವುದು ನಿಲ್ಲಬೇಕು. ಮತ್ತೊಮ್ಮೆ ಶುದ್ಧ ನೀರಿನಲ್ಲಿ ಜಾಲಿಸಿ. ಸೋಡಾ ಉಳಿದರೆ ಒಣಗಿದ ಮೇಲೆ ಬಿಳಿ ಪುಡಿ ಕಾಣುತ್ತದೆ, ಅಷ್ಟೇ. ಹುಳಿ ಉಳಿದರೆ ತುಕ್ಕು.

6. ಪೂರ್ತಿ ಒಣಗಿಸಿ

ಲೇಖನದ ಆರಂಭದಲ್ಲಿ ಹೇಳಿದ ಹತ್ತು ನಿಮಿಷ ಇದೇ. ತುಕ್ಕು ಹೋದ ಬೆತ್ತಲೆ ಕಬ್ಬಿಣದ ಮೇಲೆ ಒಂದು ನೀರ ಹನಿ ನಿಂತರೂ ನೋಡುನೋಡುತ್ತಿದ್ದಂತೆ ಕೇಸರಿ ಬಣ್ಣ ಮೂಡುತ್ತದೆ. ಊಟ ಮುಗಿಸಿ ಬಂದವರು ಕಂಡದ್ದು ಅದನ್ನೇ. ಒಣಬಟ್ಟೆಯಲ್ಲಿ ಒತ್ತಿ ಒರೆಸಿ, ಇನ್ನೊಂದು ಒಣಬಟ್ಟೆಯಲ್ಲಿ ಮತ್ತೆ ಒರೆಸಿ, ಆಮೇಲೆ ಬಿಸಿ ಕೊಡಿ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಎರಡು ಮೂರು ನಿಮಿಷ. ಬಿಸಿಲಿದ್ದರೆ ಕಪ್ಪು ತಗಡಿನ ಮೇಲೆ ಹದಿನೈದು ನಿಮಿಷ. ಏನೂ ಇಲ್ಲದಿದ್ದರೆ ಅಡುಗೆ ಮುಗಿದ ಒಲೆಯ ದಂಡೆಯ ಮೇಲೆ. ಕೈಗೆ ಬೆಚ್ಚಗೆ ತಾಗುವಷ್ಟು ಸಾಕು, ಸುಡುವಷ್ಟು ಬೇಡ. ಹೊರಗೆ ಒಣಗಿದಂತೆ ಕಂಡರೂ ಇಕ್ಕಳದ ಕೀಲು, ಪಾನಾದ ತಿರುಪುಗಳೊಳಗೆ ನೀರಿರುತ್ತದೆ. ಕೀಲನ್ನು ಹತ್ತಾರು ಸಲ ತೆರೆದು ಮುಚ್ಚಿ ಮತ್ತೆ ಬಿಸಿಗಾಳಿ ಹಿಡಿಯಿರಿ.

ಡಬ್ಲ್ಯೂಡಿ-40 ನಿಜವಾಗಿ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ. 1953ರಲ್ಲಿ ಅಮೆರಿಕದಲ್ಲಿ ರೂಪಿಸಿದ ಆ ದ್ರವದ ಹೆಸರೇ 'ನೀರನ್ನು ಪಕ್ಕಕ್ಕೆ ಸರಿಸುವ 40ನೇ ಸೂತ್ರ' ಎಂಬುದರ ಚುಟುಕು. ಸಂದಿಯ ನೀರನ್ನು ಹೊರದಬ್ಬಲು ಅದು ಚೆನ್ನ. ಆದರೆ ಅದರ ಹೆಚ್ಚಿನ ಪಾಲು ಆರಿಹೋಗುವ ದ್ರಾವಕ. ಉಳಿಯುವ ಪದರ ಬಹಳ ತೆಳು. ಅದನ್ನೇ ಸಿಂಪಡಿಸಿ ಮಳೆಗಾಲ ಪೂರ್ತಿ ಇಟ್ಟೆ ಎನ್ನುವವರೇ "ಎಣ್ಣೆ ಹಾಕಿದರೂ ತುಕ್ಕು" ಎನ್ನುವವರಲ್ಲಿ ಬಹಳ ಮಂದಿ.

7. ಬೆಚ್ಚಗಿರುವಾಗಲೇ ಲೇಪ ಹಚ್ಚಿ

ಬೆಚ್ಚನೆಯ ಲೋಹದ ಮೇಲೆ ಎಣ್ಣೆ ತೆಳುವಾಗಿ ಹರಡಿ ಗುಳಿಗಳೊಳಗೂ ಇಳಿಯುತ್ತದೆ. ಬಟ್ಟೆಗೆ ಎಣ್ಣೆ ಹಾಕಿ ಸವರಿ, ಹತಾರದ ಮೇಲೆ ಸುರಿಯಬೇಡಿ. ದಪ್ಪಗೆ ಹಚ್ಚಿದರೆ ಧೂಳು, ಮರದ ಪುಡಿ ಅಂಟಿ ಆ ಕೆಸರೇ ತೇವ ಹಿಡಿಯುತ್ತದೆ.

ಯಾವುದನ್ನು ಹಚ್ಚಬೇಕು ಎನ್ನುವಲ್ಲಿ ಅಭಿಪ್ರಾಯ ಹಲವು. ದಿನವೂ ಬಳಸುವ ಹತಾರಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ತಿಂಗಳುಗಟ್ಟಲೆ ಎತ್ತಿಡುವುದಕ್ಕೆ ಮೇಣ ಬೇಕು. ಒಂದು ಪಾಲು ಜೇನುಮೇಣ, ಮೂರು ಪಾಲು ಹೊಲಿಗೆ ಯಂತ್ರದ ಎಣ್ಣೆ, ತೂಕದ ಲೆಕ್ಕದಲ್ಲಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸಿ; ನೇರ ಉರಿಯ ಮೇಲೆ ಬೇಡ. ಆರಿದಾಗ ಮೆತ್ತನೆಯ ಮುಲಾಮಿನಂತಾಗುತ್ತದೆ. ಬೆರಳಿನಷ್ಟು ತೆಗೆದು ಸವರಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಹೊಳಪು ಬರುವಂತೆ ಒರೆಸಿ. ಕೀಸುಳಿಯ ತಳಕ್ಕೆ ಇಷ್ಟೂ ಬೇಡ: ಮೇಣದ ಬತ್ತಿಯಿಂದ ನಾಲ್ಕು ಗೆರೆ ಎಳೆದು ಉಜ್ಜಿದರೆ ತುಕ್ಕೂ ದೂರ, ಜಾರುವುದೂ ಸಲೀಸು.

ತೆಂಗಿನೆಣ್ಣೆ ಕೈಗೆ ಸಿಗುತ್ತದೆಂದು ಹಚ್ಚುವವರಿದ್ದಾರೆ. ಸಂಜೆ ಹಚ್ಚಿ ಬೆಳಿಗ್ಗೆ ಒರೆಸುವ ಕತ್ತಿಗಾದರೆ ಅಡ್ಡಿಯಿಲ್ಲ. ತಿಂಗಳು ಬಿಟ್ಟರೆ ಕಮಟು ಹಿಡಿದು ಹುಳಿಯಾಗುತ್ತದೆ. ಸೂರ್ಯಕಾಂತಿ, ಅಗಸೆ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗುತ್ತವೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಲೂಬಹುದು. ಬೈಕಿನಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ, ಆದರೆ ಅದರಲ್ಲಿ ದಹನದಿಂದ ಬಂದ ಆಮ್ಲ, ಮಸಿ, ಕ್ಯಾನ್ಸರ್‌ಕಾರಕ ವಸ್ತುಗಳಿವೆ. ದಿನವೂ ಬರಿಗೈಯಲ್ಲಿ ಹಿಡಿಯುವ ಹತಾರಕ್ಕೆ ಅದು ತಕ್ಕುದಲ್ಲ. ಬಡಗಿಗಳಿಗೆ ಇನ್ನೊಂದು ಎಚ್ಚರಿಕೆ: ಸಿಲಿಕೋನ್ ಸ್ಪ್ರೇ ಬೇಡ. ಅದು ಹತಾರದಿಂದ ಮರಕ್ಕೆ ದಾಟಿದರೆ ಪಾಲಿಶ್ ಹೊಡೆದಾಗ ಅಲ್ಲಿ ಮಾತ್ರ ಮೀನಿನ ಕಣ್ಣಿನಂಥ ತೂತು ಬೀಳುತ್ತದೆ.

ಹುಳಿನೀರಿಗೂ ಜಗ್ಗದಿದ್ದರೆ

ವಿದ್ಯುತ್ತಿನಿಂದ ತೆಗೆಯುವ ವಿಧಾನವೊಂದಿದೆ. ಇದು ಕಬ್ಬಿಣವನ್ನು ತಿನ್ನದೆ ತುಕ್ಕನ್ನಷ್ಟೇ ಸಡಿಲಿಸುತ್ತದೆ, ಹಳೆಯ ವೈಸ್, ಬಾಚಿ, ದೊಡ್ಡ ಇಕ್ಕಳಗಳಿಗೆ ಸರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರು, 40ರಿಂದ 50 ಗ್ರಾಂ ವಾಷಿಂಗ್ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಕಪ್ಪು ಅಂದರೆ ಮೈನಸ್ ವೈರು ಹತಾರಕ್ಕೆ, ಕೆಂಪು ಅಂದರೆ ಪ್ಲಸ್ ವೈರು ಒಂದು ಗುಜರಿ ಕಬ್ಬಿಣದ ಪಟ್ಟಿಗೆ. ಎರಡೂ ನೀರಿನೊಳಗೆ ಒಂದಕ್ಕೊಂದು ತಾಗಬಾರದು. ವೈರು ಅದಲುಬದಲಾದರೆ ಹತಾರವೇ ಕರಗುತ್ತದೆ. ನಾಲ್ಕರಿಂದ ಹನ್ನೆರಡು ಗಂಟೆಯಲ್ಲಿ ತುಕ್ಕು ಕಪ್ಪು ಕೆಸರಾಗಿ ಸಡಿಲವಾಗುತ್ತದೆ; ಆಮೇಲೆ ಬ್ರಷ್, ನಂತರ ಹಂತ 6 ಮತ್ತು 7.

ಗುಜರಿ ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಗುಳ್ಳೆಗಳಲ್ಲಿರುವುದು ಹೈಡ್ರೋಜನ್, ಕಿಡಿ ತಾಗಿದರೆ ಸಿಡಿಯುತ್ತದೆ. ಜಗುಲಿಯಲ್ಲೋ ಅಂಗಳದಲ್ಲೋ ಮಾಡಿ, ಚಾರ್ಜರಿನ ಸ್ವಿಚ್ ಆರಿಸಿದ ಮೇಲೆಯೇ ವೈರು ಬಿಚ್ಚಿ. ಸ್ಪ್ರಿಂಗು, ಗರಗಸದ ಅಲಗು ಇದಕ್ಕೂ ಬೇಡ. ಈಗಿನ ಆಟೋಮ್ಯಾಟಿಕ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದಿದ್ದರೆ ಕರೆಂಟನ್ನೇ ಕೊಡುವುದಿಲ್ಲ, "ಏನೂ ಆಗುತ್ತಿಲ್ಲ" ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಕೆಲವು ಹತಾರಗಳಿಗೆ ಬೇರೆ ನಿಯಮ

ಅರ (ಫೈಲ್): ಕಾಗದ ಹಾಕಿದರೆ ಹಲ್ಲು ಸವೆಯುತ್ತದೆ. ತಂತಿ ಬ್ರಷ್ಷಿನಿಂದ ಹಲ್ಲಿನ ಓರೆಗೆ ಸರಿಯಾಗಿ ಉಜ್ಜಿ, ಒಂದು ಗಂಟೆ ನಿಂಬೆ ಉಪ್ಪಿನ ನೀರು. ಒಣಗಿಸಿದ ಮೇಲೆ ಎಣ್ಣೆ ಹಚ್ಚಬೇಡಿ, ಕಬ್ಬಿಣದ ಪುಡಿ ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತದೆ. ಸೀಮೆಸುಣ್ಣ ತಿಕ್ಕಿ ಒಣ ಡಬ್ಬಿಯಲ್ಲಿಡಿ.

ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ವರ್ನಿಯರ್ (ದವಡೆಯ ನಡುವೆ ಹಿಡಿದು ಸೂಕ್ಷ್ಮವಾಗಿ ಅಳೆಯುವ ಸಾಧನ): 220 ಕಾಗದದ ನಾಲ್ಕು ಎಳೆತಕ್ಕೆ ಗೆರೆಗಳು ಅಳಿಸಿಹೋಗುತ್ತವೆ. ಎಣ್ಣೆ ಮತ್ತು ಹಳೆಯ ಬಟ್ಟೆ, ಹೆಚ್ಚೆಂದರೆ ಲೋಹದ ಪಾಲಿಶ್. ವರ್ನಿಯರ್ ದವಡೆಯ ಒಳಮೈಯನ್ನು ಯಾವುದರಿಂದಲೂ ಉಜ್ಜಬೇಡಿ.

ಕ್ರೋಮ್ ಲೇಪದ ಪಾನಾ: ಚುಕ್ಕೆ ಚುಕ್ಕೆಯಾಗಿ ತುಕ್ಕು ಬಂದರೆ ಅಲ್ಲಿ ಲೇಪದಲ್ಲಿ ಸೂಜಿತೂತಿದೆ. ಅಡುಗೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ನೀರದ್ದಿ ಉಜ್ಜಿದರೆ ಗೀರಿಲ್ಲದೆ ಹೋಗುತ್ತದೆ. ಲೇಪ ಏಳುತ್ತಿರುವ ಪಾನಾ ಬೆರಳು ಕೊಯ್ಯುತ್ತದೆ, ಅದನ್ನು ಬದಲಿಸುವುದೇ ಸರಿ.

ಕೈಗರಗಸ: ಹಲ್ಲಿನ ದಿಕ್ಕಿಗೆ ವಿರುದ್ಧವಾಗಿ ಉಜ್ಜಲೇಬೇಡಿ, ಬಟ್ಟೆ ಸಿಕ್ಕಿ ಕೈ ಜಾರುತ್ತದೆ. ಕಂಪನಿಯ ಮುದ್ರೆ ಇರುವ ಜಾಗವನ್ನು ಬಿಟ್ಟು ಉಜ್ಜಿದರೆ ಹಳೆಯ ಗರಗಸದ ಬೆಲೆಯೂ ಉಳಿಯುತ್ತದೆ.

ಗುದ್ದಲಿ, ಹಾರೆ, ತೋಟದ ಕತ್ತಿ: ಅರ್ಧ ಬಕೆಟ್ ಒಣ ಮರಳಿಗೆ ಅರ್ಧ ಲೀಟರ್ ಹೊಸ ಎಂಜಿನ್ ಆಯಿಲ್ ಕಲಸಿಡಿ. ಕೆಲಸ ಮುಗಿದ ಮೇಲೆ ಮಣ್ಣು ತೊಳೆದು ಒರೆಸಿ, ಅಲಗನ್ನು ನಾಲ್ಕೈದು ಸಲ ಮರಳಿಗೆ ಚುಚ್ಚಿ ತೆಗೆದರೆ ಉಜ್ಜಿದಂತೆಯೂ ಆಯಿತು, ಎಣ್ಣೆ ಹಚ್ಚಿದಂತೆಯೂ ಆಯಿತು. ಹೊಳೆ ಮರಳು ಅಥವಾ ಎಂ-ಸ್ಯಾಂಡ್ ಆಗಬಹುದು, ಸಮುದ್ರದ ಮರಳು ಆಗದು. ಗೊಬ್ಬರದ ಚೀಲದ ಪಕ್ಕ ಈ ಹತಾರಗಳನ್ನು ಒರಗಿಸಿಡುವ ಅಭ್ಯಾಸ ಬಿಡಿ. ಪೊಟ್ಯಾಷ್, ಯೂರಿಯಾ ಗಾಳಿಯ ತೇವ ಎಳೆದು ಸುತ್ತಲಿನ ಕಬ್ಬಿಣವನ್ನೂ ಹಾಳುಮಾಡುತ್ತವೆ.

ಎಲ್ಲಿ ಇಡಬೇಕು?

ಮೊದಲು ಕೋಣೆಯಿಂದ ಹೊರಹಾಕಬೇಕಾದ್ದನ್ನು ಹಾಕಿ. ಬಚ್ಚಲಿನ ಆಸಿಡ್ ಬಾಟಲಿ ಮುಚ್ಚಳ ಬಿಗಿಯಾಗಿದ್ದರೂ ಆವಿ ಸೋರುತ್ತದೆ. ಅದೇ ಕಪಾಟಿನಲ್ಲಿದ್ದ ಹತಾರಗಳಿಗೆಲ್ಲ ಒಂದೇ ವಾರದಲ್ಲಿ ತುಕ್ಕು ಹಿಡಿದಿದ್ದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬ್ಲೀಚಿಂಗ್ ಪುಡಿಯೂ ಹಾಗೆಯೇ. ಇನ್ವರ್ಟರಿನ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಬಿಡುವ ಹಬೆಯೂ ಒಳ್ಳೆಯದಲ್ಲ.

ನಂತರ ಪೆಟ್ಟಿಗೆ. ಹಸಿ ಮರದ ಪೆಟ್ಟಿಗೆ ತೇವವನ್ನೂ ಆಮ್ಲದ ಆವಿಯನ್ನೂ ಬಿಡುತ್ತದೆ. ಚರ್ಮದ ಒರೆಯಲ್ಲಿ ಕತ್ತಿ ಇಟ್ಟರೆ ಚರ್ಮ ಹದಮಾಡಿದ ಟ್ಯಾನಿನ್ ಮತ್ತು ತೇವ ಎರಡೂ ಅಲಗಿಗೆ ತಾಗುತ್ತವೆ. ಸ್ಪಂಜಿನ ಹಾಸು, ಗೋಣಿ, ದಿನಪತ್ರಿಕೆ ಇವೆಲ್ಲ ನೀರು ಹಿಡಿಯುವ ವಸ್ತುಗಳು. ಸಿಮೆಂಟ್ ನೆಲದ ಮೇಲೆ ನೇರವಾಗಿ ಪೆಟ್ಟಿಗೆ ಇಡಬೇಡಿ, ಕೆಳಗೆ ಎರಡು ರೀಪು ಹಾಕಿ. ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ ಮರದ ಪೆಟ್ಟಿಗೆಗಿಂತ ಚೆನ್ನ.

ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ: 20 ಲೀಟರಿನ ಡಬ್ಬಿಗೆ 100ರಿಂದ 150 ಗ್ರಾಂ. ಔಷಧದ ಡಬ್ಬಿಯಲ್ಲಿ ಬರುವ ಒಂದು ಗ್ರಾಮಿನ ಪೊಟ್ಟಣ ಇಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಬಣ್ಣ ಬದಲಿಸುವ ಕಿತ್ತಳೆ ಮಣಿಗಳನ್ನು ಕೊಳ್ಳಿ. ತೇವ ಹೀರಿದಾಗ ಹಸಿರಾಗುತ್ತವೆ. ನೀಲಿಯಿಂದ ಗುಲಾಬಿಯಾಗುವ ಮಣಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಕೈಯಾಡಿಸುವುದು ಒಳ್ಳೆಯದಲ್ಲ. ಬಣ್ಣ ತಿರುಗಿದ ಮೇಲೆ ಓವನ್ನಿನಲ್ಲಿ 110 ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಮುಚ್ಚಳವಿಲ್ಲದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಡುವುದೆಂದರೆ ಇಡೀ ಊರಿನ ಗಾಳಿಯನ್ನು ಒಣಗಿಸಲು ಹೊರಟಂತೆ.

ಬಟ್ಟೆ ಕಪಾಟಿಗೆ ನೇತುಹಾಕುವ, ಕೆಳಗೆ ನೀರು ತುಂಬಿಕೊಳ್ಳುವ ತೇವ ಹೀರುವ ಚೀಲಗಳಿವೆಯಲ್ಲ, ಅವುಗಳಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ತುಂಬಿದ ನೀರು ಶುದ್ಧ ಉಪ್ಪುನೀರಿನಂಥದ್ದು; ಚೀಲ ಒಡೆದು ಹತಾರದ ಮೇಲೆ ಸುರಿದರೆ ನೀವು ಉಳಿಸಲು ಹೊರಟದ್ದನ್ನೇ ಕಳೆದುಕೊಳ್ಳುತ್ತೀರಿ. ಇಡುವುದಾದರೆ ಹತಾರಕ್ಕಿಂತ ಕೆಳಗಿನ ಅರೆಯಲ್ಲಿ, ಬೋಗುಣಿಯೊಳಗೆ.

ಮುಚ್ಚಿಡಲಾಗದ ದೊಡ್ಡ ಕಪಾಟಿಗೆ ಬಿಸಿಯೇ ಮದ್ದು. 27 ಡಿಗ್ರಿಯಲ್ಲಿ ಶೇ. 90 ತೇವಾಂಶವಿರುವ ಗಾಳಿಯನ್ನು 32 ಡಿಗ್ರಿಗೆ ಏರಿಸಿದರೆ ತೇವಾಂಶ ಸುಮಾರು ಶೇ. 67ಕ್ಕೆ ಇಳಿಯುತ್ತದೆ; ಇಬ್ಬನಿ ಕೂರುವ ಮಾತೇ ಇಲ್ಲ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟ ಸಾಮಾನು ಮಳೆಗಾಲ ಪೂರ್ತಿ ಬೆಚ್ಚಗೆ ಒಣಗಿರುತ್ತಿದ್ದುದೂ ಈ ಲೆಕ್ಕದಲ್ಲೇ. ಈಗ ಒಲೆಯಿಲ್ಲದವರು ಕಪಾಟಿನ ತಳದಲ್ಲಿ 15 ಅಥವಾ 25 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬು ಉರಿಸಬಹುದು. ಎಲ್‌ಇಡಿ ಬಲ್ಬಿನಿಂದ ಆಗುವುದಿಲ್ಲ, ಅದರ ಬಿಸಿ ಸಾಲದು. ಬಲ್ಬಿನ ಸುತ್ತ ತಂತಿಜಾಲರಿ ಇರಲಿ, ಮರದಿಂದ ಒಂದು ಗೇಣಾದರೂ ದೂರ ಇರಲಿ, ಎಣ್ಣೆಬಟ್ಟೆಗಳನ್ನು ಅದೇ ಕಪಾಟಿನಲ್ಲಿ ತುರುಕಬೇಡಿ.

ದೂರದ ಊರಿಗೆ ಹೋಗುವವರು, ಆರು ತಿಂಗಳು ಮುಟ್ಟದ ಹತಾರವಿದ್ದವರು ವಿಸಿಐ ಕಾಗದ ಬಳಸಬಹುದು. ತುಕ್ಕು ತಡೆಯುವ ಆವಿಯನ್ನು ನಿಧಾನವಾಗಿ ಬಿಡುವ ಕಾಗದ ಅದು. ಬೇರಿಂಗ್, ಗೇರುಗಳನ್ನು ಅದರಲ್ಲೇ ಸುತ್ತಿ ಮಾರುತ್ತಾರೆ. ಸುತ್ತಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಡಬೇಕು, ಇಲ್ಲವಾದರೆ ಆವಿ ಹಾರಿಹೋಗಿ ಬರೀ ಕಾಗದ ಉಳಿಯುತ್ತದೆ.

ಮಳೆಗಾಲದ ದಿನಚರಿ

ಮೇ ಕೊನೆಯ ವಾರ: ಎಲ್ಲ ಹತಾರ ಹೊರಗೆ ತೆಗೆದು ಬಿಸಿಲಿಗಿಟ್ಟು, ಒರೆಸಿ, ಮೇಣದ ಮುಲಾಮು. ಕಾದ ಹತಾರವನ್ನು ಆ ದಿನವೇ ಡಬ್ಬಿಗೆ ಸೇರಿಸಿ.

ಪ್ರತಿದಿನ: ಕೆಲಸ ಮುಗಿದ ಮೇಲೆ ಎಣ್ಣೆಪಸೆಯ ಒಂದೇ ಬಟ್ಟೆಯಲ್ಲಿ ಎಲ್ಲವನ್ನೂ ಒಮ್ಮೆ ಸವರಿ. ಬಟ್ಟೆಗೆ ವಾರಕ್ಕೆ ಹತ್ತು ಹನಿ ಎಣ್ಣೆ ಸಾಕು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಅದನ್ನು ಕೈಗೆಟುಕುವಲ್ಲಿ ಇಡಿ. ಬೇರೆ ಕೋಣೆಯಲ್ಲಿಟ್ಟರೆ ನೀವು ತರುವುದಿಲ್ಲ. ಕೀಸುಳಿಯ ಬಾಯಲ್ಲಿ ಸಿಕ್ಕ ಹೊಟ್ಟು, ಸಾಣೆಕಲ್ಲಿನ ನೀರು ಉಳಿಯದಂತೆ ನೋಡಿ. ಹೊನ್ನೆ, ಮತ್ತಿಯಂಥ ಚೊಗರಿನ ಮರ ಕೊಯ್ದ ದಿನ ಗರಗಸವನ್ನು ಎರಡು ಸಲ ಒರೆಸಿ.

ಹದಿನೈದು ದಿನಕ್ಕೊಮ್ಮೆ: ಡಬ್ಬಿ ತೆರೆದು ಜೆಲ್ಲಿನ ಬಣ್ಣ ನೋಡಿ, ಒಂದೆರಡು ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಳೆ ಸುರಿಯುತ್ತಿರುವಾಗ ತೆರೆಯಬೇಡಿ. ಬಿಸಿಲು ಬಿದ್ದ ಮಧ್ಯಾಹ್ನ ತೆರೆದು, ಸಂಜೆಯ ತಂಪು ಇಳಿಯುವ ಮೊದಲು ಮುಚ್ಚಿ.

ಎಸಿ ಕೋಣೆಯಿಂದಲೋ ತಣ್ಣನೆಯ ಕಾರಿನಿಂದಲೋ ಹತಾರದ ಪೆಟ್ಟಿಗೆಯನ್ನು ಕೆಲಸದ ಜಾಗಕ್ಕೆ ತಂದರೆ ಕೂಡಲೇ ಮುಚ್ಚಳ ತೆಗೆಯಬೇಡಿ. ಒಳಗಿನ ಲೋಹ ಹೊರಗಿನ ಗಾಳಿಯಷ್ಟೇ ಬೆಚ್ಚಗಾಗಲು ಅರ್ಧ ಗಂಟೆ ಬಿಡಿ. ಪೆಟ್ಟಿಗೆಯ ಹೊರಮೈಯ ನೀರಹನಿಗಳು ಆರಿದ ಮೇಲೆ ತೆರೆಯಿರಿ.